ದಾರಿಯೇ ಗ್ಯಾರೇಜು ಆದಾಗ: ಬರ್ತಾ ಬೆಂಜ್

ಕಾರು ಕಂಡುಹಿಡಿದವರು ಯಾರು ಅಂತ ಕೇಳಿದರೆ ನಾವೆಲ್ಲ ಥಟ್ಟನೆ ಕಾರ್ಲ್ ಬೆಂಜ್ ಅಂತೀವಿ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸೂ ಸಿಗುತ್ತೆ. ಆದರೆ ಆ ಕಾರನ್ನು ದೂರದ ದಾರಿಗೆ ಇಳಿಸಿ, ಕೆಟ್ಟ ಕಡೆಯಲ್ಲೆಲ್ಲ ರಿಪೇರಿ ಮಾಡಿ, ಊರು ಮುಟ್ಟಿಸಿದ್ದು ಅವರ ಹೆಂಡತಿ ಬರ್ತಾ. ಈ ಸಲ ಅವರ ಕಥೆ ಹೇಳ್ತೀವಿ.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಊರಿನ ಅನುಕೂಲಸ್ಥರ ಮನೆಯಲ್ಲಿ. ಆ ಕಾಲಕ್ಕೆ ಅಲ್ಲಿನ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಕಾರ್ಲ್ ಜೊತೆ ಮದುವೆ ನಿಶ್ಚಯವಾದಾಗ ಅವರ ವರ್ಕ್‌ಶಾಪು ಮುಳುಗುವ ಸ್ಥಿತಿಯಲ್ಲಿತ್ತು. ಬರ್ತಾ ತಮ್ಮ ವರದಕ್ಷಿಣೆ ಹಣವನ್ನು ಮದುವೆಗೆ ಮುಂಚೆಯೇ ತರಿಸಿ, ಪಾಲುದಾರನ ಪಾಲನ್ನು ಬಿಡಿಸಿಕೊಳ್ಳಲು ಕೊಟ್ಟರು. 1872ರಲ್ಲಿ ಮದುವೆ ಆಯ್ತು. 1886ರ ಜನವರಿ 29ರಂದು ಮೂರು ಚಕ್ರದ ಕಾರಿಗೆ ಪೇಟೆಂಟ್ ಅರ್ಜಿ ಹೋಯ್ತು. ಅದರಲ್ಲಿ ಇದ್ದದ್ದು ಗಂಡನ ಹೆಸರು ಮಾತ್ರ.

ಪೇಟೆಂಟ್ ಏನೋ ಬಂತು, ಗಿರಾಕಿ ಬರಲಿಲ್ಲ. ಕುದುರೆ ಇಲ್ಲದ ಈ ಬಂಡಿಯನ್ನು ನಂಬಿ ದುಡ್ಡು ಕೊಡೋರು ಯಾರು? ಕಾರ್ಲ್ ಇನ್ನೂ ಸುಧಾರಿಸುತ್ತಲೇ ಕೂತಿದ್ದರು. ಹಾಕಿದ ಹಣವೆಲ್ಲ ಶೆಡ್ಡಿನಲ್ಲೇ ನಿಂತಿತ್ತು.

1888ರ ಆಗಸ್ಟ್‌ನ ಒಂದು ಬೆಳಗ್ಗೆ ಬರ್ತಾ ಗಂಡನಿಗೆ ಹೇಳದೆ, ಮಕ್ಕಳಾದ ಯೂಜೆನ್ ಮತ್ತು ರಿಚರ್ಡ್ ಜೊತೆ ಮನ್‌ಹೈಮ್‌ನಿಂದ ತವರೂರಿಗೆ ಕಾರಿನಲ್ಲಿ ಹೊರಟೇಬಿಟ್ಟರು. ದಾರಿ ನೂರು ಕಿಲೋಮೀಟರಿಗೂ ಚೂರು ಹೆಚ್ಚು. ಪೆಟ್ರೋಲ್ ಬಂಕ್ ಇಲ್ಲ, ಮೆಕ್ಯಾನಿಕ್ ಇಲ್ಲ, ಗಾಳಿ ತುಂಬಿದ ಟೈರೂ ಇಲ್ಲ. ಡನ್ಲಪ್ ಅವರಿಗೆ ಆ ಟೈರಿನ ಪೇಟೆಂಟ್ ಸಿಕ್ಕಿದ್ದೇ ಆ ವರ್ಷದ ಕೊನೆಗೆ, ಅದೂ ಸೈಕಲ್ ಓಡುವ ಕಾಲದಲ್ಲಿ.

ಇಂಧನ ಮುಗೀತು. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಟ್ಯಾಂಕಿಗೆ ಸುರಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಗ್ನಿಷನ್ ವೈರ್ ಸವೆದು ಶಾರ್ಟ್ ಆದಾಗ ಕಾಲುಚೀಲದ ಪಟ್ಟಿಯೇ ಇನ್ಸುಲೇಷನ್ ಆಯ್ತು. ಚೈನನ್ನು ಕಮ್ಮಾರರು ಸರಿಮಾಡಿಕೊಟ್ಟರು. ಎಂಜಿನ್ ತಂಪಾಗಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಸಿಕ್ಕ ಸಿಕ್ಕಲ್ಲಿ ನಿಂತು ನೀರು ತುಂಬಿಸಬೇಕಿತ್ತು. ಏರು ಬಂದರೆ ಕಾರು ಹತ್ತದು, ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದು ಹಿಡಿತ ಕಡಿಮೆ ಆದಾಗ, ಬರ್ತಾ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಬ್ರೇಕಿಗೆ ಚರ್ಮ ಹೊಡೆಸಿದರು. ಇವತ್ತು ಸರ್ವಿಸ್‌ಗೆ ಬಿಟ್ಟಾಗ ಬದಲಾಯಿಸುತ್ತಾರಲ್ಲ ಬ್ರೇಕ್ ಲೈನಿಂಗ್, ಅದರ ಅಜ್ಜ ಇದು.

ಸಂಜೆ ಫೋರ್ಟ್ಸ್‌ಹೈಮ್ ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕೊಟ್ಟರು. ಕೆಲವು ದಿನ ಬಿಟ್ಟು ಅದೇ ಕಾರಿನಲ್ಲಿ ವಾಪಸ್ ಬಂದರು. ಏರು ಹತ್ತಲು ಇನ್ನೊಂದು ಗೇರು ಬೇಕು ಅನ್ನೋದು ಆ ಪ್ರಯಾಣದಲ್ಲೇ ಗೊತ್ತಾಯ್ತು, ಕಾರ್ಲ್ ಅದನ್ನು ಹಾಕಿಸಿದರು. ನಾವು ಟೆಸ್ಟಿಂಗ್ ಅಂತ ಓದೋದು ಇದನ್ನೇ: ಶೆಡ್ಡಿನಲ್ಲಿ ನಿಂತ ಗಾಡಿ ತನ್ನ ದೋಷ ಹೇಳುವುದಿಲ್ಲ, ಓಡಿದ ಗಾಡಿ ಹೇಳುತ್ತೆ. ದೋಷ ಎಲ್ಲಿದೆ ಅಂತ ಕಂಡುಹಿಡಿಯೋಕೆ ಬರ್ತಾ ಹತ್ತಿರ ಮ್ಯಾನ್ಯುಯಲ್ ಇರಲಿಲ್ಲ. ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಆ ಯಂತ್ರವನ್ನು ನೋಡಿದ ಕಣ್ಣಿತ್ತು.

ಕಾರ್ಲ್ 1929ರಲ್ಲಿ ತೀರಿಕೊಂಡರು. 1944ರಲ್ಲಿ, ಬರ್ತಾ ಅವರ 95ನೇ ಹುಟ್ಟುಹಬ್ಬಕ್ಕೆ, ಕಾರ್ಲ್ ಓದಿದ್ದ ಕಾರ್ಲ್ಸ್‌ರೂ ತಾಂತ್ರಿಕ ವಿದ್ಯಾಸಂಸ್ಥೆ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಹುಡುಗಿಯಾಗಿದ್ದಾಗ ಓದಲು ಕಾಲಿಡಲಾಗದಿದ್ದ ಜಾಗ ಅದು. ಎರಡೇ ದಿನ ಕಳೆದು, ಮೇ 5ರಂದು, ಲಾಡೆನ್‌ಬುರ್ಗ್‌ನ ಮನೆಯಲ್ಲಿ ಬರ್ತಾ ಕಣ್ಣು ಮುಚ್ಚಿದರು.