ವಾಸ್ತುಶಿಲ್ಪಿ ಕುಮಾರಿ ಜೂಲಿಯಾ ಮಾರ್ಗನ್

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಕಟ್ಟುವುದಕ್ಕೆ ಮೊದಲು ನೆಲವನ್ನು ಅರಿಯಬೇಕೆಂಬುದನ್ನು ತನ್ನ ಕೆಲಸದಿಂದಲೇ ತೋರಿಸಿಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಜೂಲಿಯಾ ಮಾರ್ಗನ್ ಎಂಬಾಕೆಯು 1872ನೆಯ ಇಸವಿ ಜನವರಿ 20ರಂದು ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಜನಿಸಿದಳು. 1894ರಲ್ಲಿ ಬರ್ಕಲಿಯ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗ್ ಪದವಿಯನ್ನು ಪಡೆದು, ವಾಸ್ತುಶಿಲ್ಪವನ್ನು ಕಲಿಯುವ ಹಂಬಲದಿಂದ 1896ರಲ್ಲಿ ಪ್ಯಾರಿಸಿಗೆ ಹೋದಳು. ಅಲ್ಲಿಯ ಪ್ರಸಿದ್ಧ ಕಲಾಶಾಲೆಯ ಬಾಗಿಲು ಆಗ ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಅದು ತೆರೆದ ಮೇಲೆಯೂ ಪ್ರವೇಶಪರೀಕ್ಷೆಯಲ್ಲಿ ಎರಡು ಸಾರಿ ಆಕೆಗೆ ಸ್ಥಾನವು ದೊರೆಯಲಿಲ್ಲ. ಆಕೆಯು ಊರಿಗೆ ಹಿಂದಿರುಗದೆ, 1898ರಲ್ಲಿ ಮೂರನೆಯ ಸಾರಿ ಕುಳಿತು ತೇರ್ಗಡೆಯಾಗಿ, ಅಲ್ಲಿ ವಾಸ್ತುಶಿಲ್ಪವನ್ನು ಕಲಿಯಲು ಸೇರಿದ ಮೊದಲನೆಯ ಸ್ತ್ರೀಯಾದಳು. 1904ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ವಾಸ್ತುಶಿಲ್ಪಿಯ ಸನ್ನದನ್ನು ಪಡೆದ ಮೊದಲನೆಯ ಸ್ತ್ರೀಯೂ ಈಕೆಯೇ.

ಅದೇ ವರುಷ ಓಕ್ಲೆಂಡಿನ ಮಿಲ್ಸ್ ಮಹಿಳಾ ಕಾಲೇಜಿನಲ್ಲಿ 72 ಅಡಿ ಎತ್ತರದ ಗಂಟೆಗೋಪುರವನ್ನು ಕಟ್ಟಿಸಿದಳು. ಆ ಸೀಮೆಯಲ್ಲಿ ಭೂಮಿಯು ಆಗಾಗ ನಡುಗುವುದಾದುದರಿಂದ, ಒಳಗೆ ಕಬ್ಬಿಣದ ಸರಳುಗಳನ್ನಿಟ್ಟ ಕಾಂಕ್ರೀಟಿನಿಂದಲೇ ಅದನ್ನು ಎಬ್ಬಿಸಿದಳು. 1906ರ ಏಪ್ರಿಲ್ 18ರ ಮುಂಜಾನೆ ಮಹಾಭೂಕಂಪವಾಗಿ, ಹಿಂದೆಯೇ ಬೆಂಕಿ ಹತ್ತಿ, ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಬಹುಭಾಗವು ಹಾಳಾಯಿತು. ಕೊಲ್ಲಿಯ ಆಚೆಗಿದ್ದ ಆ ಗೋಪುರವು ಮಾತ್ರ ಕೆಡದೆ ನಿಂತಿತು. ಆ ಬಳಿಕ ಆಕೆಗೆ ಕೆಲಸವನ್ನು ಒಪ್ಪಿಸಲು ಜನರು ಅಳುಕಲಿಲ್ಲ.

ಕ್ರೈಸ್ತ ಯುವತಿಯರ ಸಂಘದವರಿಗಾಗಿ 1913ರಿಂದ ಕಡಲತೀರದ ಅಸಿಲೊಮಾರಿನಲ್ಲಿ ಕಟ್ಟಿಸಿದ ಮಂದಿರಗಳು ಆಕೆಯ ಮನಸ್ಸಿಗೆ ಕನ್ನಡಿಯಂತಿವೆ. ಅಲ್ಲಿಯ ಪೈನ್ ಮರಗಳ ನಡುವೆ, ಆ ಸೀಮೆಯ ಕಲ್ಲು ಮತ್ತು ಮರಗಳಿಂದಲೇ, ಆಡಂಬರವಿಲ್ಲದೆ ಅವುಗಳನ್ನು ನಿಲ್ಲಿಸಿದಳು. 1915ರ ಪ್ರಾರ್ಥನಾಮಂದಿರದಲ್ಲಿ ಪೀಠದ ಹಿಂದೆ ಗಾಜಿನ ಕಿಟಕಿಯನ್ನಿಟ್ಟು, ಮರಳದಿಣ್ಣೆಗಳೂ ಕಡಲೂ ಆರಾಧಕರಿಗೆ ಕಾಣುವಂತೆ ಮಾಡಿದಳು.

ಕೆಲಸದ ಸ್ಥಳದಲ್ಲಿ ತಾನೇ ಸಾರುವೆಯನ್ನೇರಿ ನೋಡುತ್ತಿದ್ದಳು. ತನ್ನ ಕಚೇರಿಯಲ್ಲಿ ಹೆಣ್ಣುಮಕ್ಕಳಿಗೂ ನಕ್ಷೆಯ ಕೆಲಸವನ್ನು ಕಲಿಸಿದಳು. ಬಂದ ಲಾಭವನ್ನು ಜತೆಯ ಕೆಲಸಗಾರರೊಡನೆ ಹಂಚಿಕೊಂಡಳು. ಹೀಗೆ ಸುಮಾರು 700 ಕಟ್ಟಡಗಳನ್ನು ನಿರ್ಮಿಸಿ, 1957ರ ಫೆಬ್ರವರಿ 2ರಂದು ತೀರಿಕೊಂಡಳು. ಅಮೆರಿಕಾದ ವಾಸ್ತುಶಿಲ್ಪಿಗಳ ಸಂಸ್ಥೆಯು ತನ್ನ ಸ್ವರ್ಣಪದಕವನ್ನು ಪ್ರಥಮವಾಗಿ ಒಬ್ಬ ಸ್ತ್ರೀಗೆ ಸಲ್ಲಿಸಿದ್ದು 2014ರಲ್ಲಿ. ಆ ಸ್ತ್ರೀ ಈಕೆಯೇ. ಆಕೆಯು ಗತಿಸಿ ಆಗಲೇ 57 ವರುಷಗಳು ಸಂದಿದ್ದವು.

ಪರೀಕ್ಷೆಯಲ್ಲಿ ಸೋತ ಮಗಳ ಓದನ್ನು ಬಿಡಿಸಲು ಯೋಚಿಸುವ ತಂದೆತಾಯಿಗಳು ಪ್ಯಾರಿಸಿನ ಆ ಮೂರನೆಯ ಪರೀಕ್ಷೆಯನ್ನು ಒಮ್ಮೆ ನೆನೆಯಲಿ. ಆಕೆಯು ಎರಡನೆಯದಕ್ಕೇ ಹಿಂದಿರುಗಿದ್ದರೆ ಆ ಗೋಪುರವನ್ನು ಆಕೆಯು ಕಟ್ಟುತ್ತಿರಲಿಲ್ಲ.