ಓಲ್ನಿಯ ಕವಿ

ಇಂಗ್ಲೆಂಡಿನ ಕವಿ ವಿಲಿಯಂ ಕೂಪರನು 1731ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದನು. ಆರನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡನು. 1763ರಲ್ಲಿ ಪಾರ್ಲಿಮೆಂಟಿನ ಪ್ರಭುಸಭೆಯಲ್ಲೊಂದು ಹುದ್ದೆಗಾಗಿ ಪರೀಕ್ಷೆಗೆ ನಿಲ್ಲಬೇಕಾಗಿ ಬಂದಾಗ ಭಯದಿಂದ ಅವನ ಚಿತ್ತವೇ ಕದಡಿತು. ಸೇಂಟ್ ಆಲ್ಬನ್ಸ್ ಊರಿನಲ್ಲಿ ಮನೋರೋಗಿಗಳ ಆಶ್ರಯಧಾಮವನ್ನು ನಡೆಸುತ್ತಿದ್ದ ಕಾಟನ್ ಎಂಬ ವೈದ್ಯನು ಅವನನ್ನು ಕರುಣೆಯಿಂದ ಉಪಚರಿಸಿದನು. ಅಲ್ಲಿ, 1764ರಲ್ಲಿ, ಬೈಬಲನ್ನು ಓದುತ್ತಿರುವಾಗ ತನಗೂ ಕ್ಷಮೆಯುಂಟೆಂಬ ನಂಬಿಕೆ ಮೂಡಿ ಮನಸ್ಸು ತಿಳಿಯಾಯಿತು.

ಮುಂದೆ ಓಲ್ನಿ ಎಂಬ ಊರಿನಲ್ಲಿ ನೆಲಸಿ, ಅಲ್ಲಿನ ಪಾದ್ರಿ ಜಾನ್ ನ್ಯೂಟನ್ನನೊಡನೆ ಭಕ್ತಿಗೀತೆಗಳನ್ನು ರಚಿಸತೊಡಗಿದನು. ಆದರೆ 1773ರಲ್ಲಿ ಕಂಡ ಕನಸೊಂದು ಎಲ್ಲವನ್ನೂ ಕೆಡವಿತು. ದೇವರು ತನ್ನನ್ನು ಕೈಬಿಟ್ಟನೆಂದು ದೃಢವಾಗಿ ತಿಳಿದ ಕೂಪರನು ಮತ್ತೆ ಚರ್ಚಿನ ಪ್ರಾರ್ಥನೆಗೆ ಹೋಗಲಿಲ್ಲ. ಭಕ್ತನಿಗೆ ಬಂದ ರೋಗವೂ ಭಕ್ತಿಯ ವೇಷವನ್ನೇ ತೊಡುತ್ತದೆಯೇನೋ! ನ್ಯೂಟನ್ ದಂಪತಿಗಳು ಬೇಸರಿಸದೆ ಒಂದು ವರ್ಷಕ್ಕೂ ಮಿಗಿಲಾಗಿ ಅವನನ್ನು ತಮ್ಮ ಮನೆಯಲ್ಲಿಟ್ಟುಕೊಂಡರು. ಮೇರಿ ಅನ್ವಿನ್ ಎಂಬ ವಿಧವೆ ಹಗಲಿರುಳೂ ಶುಶ್ರೂಷೆ ಮಾಡಿದಳು.

ಚೇತರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಅವನು ಮೂರು ಮೊಲದ ಮರಿಗಳನ್ನು ಸಾಕಿದನು. ಅವುಗಳಿಗೆ ತಾನೇ ಗೂಡು ಕಟ್ಟಿದನು. ಪುಸ್ ಎಂಬ ಮೊಲ ಕಾಯಿಲೆ ಬಿದ್ದಾಗ ಆರೈಕೆ ಮಾಡಿ ಉಳಿಸಿಕೊಂಡನು. ಗುಣವಾದ ಮೇಲೆ ಅದು ಅವನ ಅಂಗೈ, ಮುಂಗೈ, ಬೆರಳ ಸಂದುಗಳನ್ನೆಲ್ಲ ನೆಕ್ಕಿತಂತೆ.

1785ರಲ್ಲಿ ಪ್ರಕಟವಾದ ದೀರ್ಘಕಾವ್ಯ ‘ದಿ ಟಾಸ್ಕ್’ ಅವನಿಗೆ ಕೀರ್ತಿಯನ್ನು ತಂದಿತು. 1800ರಲ್ಲಿ ತೀರಿಕೊಳ್ಳುವವರೆಗೂ ಆ ಅಂಜಿಕೆ ಮಾತ್ರ ಪೂರ್ತಿಯಾಗಿ ತೊಲಗಲಿಲ್ಲ. ಅವನು ಬರೆದ 60ಕ್ಕೂ ಹೆಚ್ಚು ಭಕ್ತಿಗೀತೆಗಳಲ್ಲಿ ಕೆಲವನ್ನು ಚರ್ಚುಗಳಲ್ಲಿ ಇಂದಿಗೂ ಹಾಡುತ್ತಾರೆ.