ಕಬ್ಬನ್ ಸಾಹೇಬ: ಕತ್ತಿ ಬಿಟ್ಟು ಕಡತ ಹಿಡಿದಾತ

ಕಮ್ಮನಹಳ್ಳಿಯಲ್ಲಿ ಬಸ್ ಹತ್ತಿ, ಶಿವಾಜಿನಗರದಲ್ಲಿ ಇಳಿದು ವಿಧಾನಸೌಧದ ಕಡೆ ಹೋಗುವ ಜನ ದಿನಕ್ಕೊಂದ್ಸಲವಾದರೂ ಈತನ ಹೆಸರು ಹೇಳ್ತಾರೆ. ಕಬ್ಬನ್ ರೋಡು, ಕಬ್ಬನ್ ಪಾರ್ಕು, ಪೇಟೆ ಕಡೆ ಹೋದರೆ ಕಬ್ಬನ್‌ಪೇಟೆ. ಯಾರಪ್ಪಾ ಈ ಕಬ್ಬನ್ ಎಂದು ಮೊನ್ನೆ ಬಸ್ ಸ್ಟಾಪಿನಲ್ಲಿ ಕೇಳಿದರೆ, ಒಬ್ಬರು ಪಾರ್ಕು ಕಟ್ಟಿದ ಇಂಜಿನಿಯರ್ ಅಂದರು.

ಅಲ್ಲ ಸ್ವಾಮಿ. ಆ ಪಾರ್ಕನ್ನು ಕಬ್ಬನ್ ಕಣ್ಣಲ್ಲಿ ನೋಡಿದ್ದೇ ಇಲ್ಲ! ಅದು ಆದದ್ದು 1870ರಲ್ಲಿ. ಅಷ್ಟೊತ್ತಿಗೆ ಸಾಹೇಬರು ಸತ್ತು ಒಂಬತ್ತು ವರ್ಷ.

ಮಾರ್ಕ್ ಕಬ್ಬನ್ ಇಂಗ್ಲೆಂಡ್ ಪಕ್ಕದ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವರು. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವರು. ಹುಡುಗ ಕಂಪನಿಯ ಮದ್ರಾಸ್ ಸೈನ್ಯ ಸೇರಿ, ದಂಡಿಗೆ ದವಸ-ಧಾನ್ಯ ಸರಬರಾಜು ಮಾಡುವ ಇಲಾಖೆಯಲ್ಲಿ ಮೇಲಕ್ಕೆ ಬಂದರು. ಕಾನೂನು ಓದಿದವರಲ್ಲ. ಆದರೆ ಲೆಕ್ಕ ಬಲ್ಲವರು, ಅದೇ ಮುಂದೆ ಕೆಲಸಕ್ಕೆ ಬಂತು.

ನಗರದ ರೈತರು ದಂಗೆ ಎದ್ದ ಮೇಲೆ, 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ದಂಗೆ ಯಾಕಾಯ್ತು ಎಂದು ತನಿಖೆ ಮಾಡಿದ ಸಮಿತಿಯಲ್ಲಿ ಕಬ್ಬನ್ ಕೂಡ ಇದ್ದರು. 1834ರಲ್ಲಿ ಅವರೇ ಕಮಿಷನರ್. ಕೂತ ಕುರ್ಚಿ ಬಿಟ್ಟಿದ್ದು 1861ಕ್ಕೆ!

ಅಂಗಡಿಯವರು ಇದನ್ನು ಓದಬೇಕು. ಅವತ್ತಿನ ಚಿಲ್ಲರೆ ತೆರಿಗೆಗಳ ಪಟ್ಟಿ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೂ ತೆರಿಗೆ. ಎಂದೋ ಕಳೆದುಹೋದ ಪಾಳೆಯಗಾರನ ಕುದುರೆಯನ್ನು ಅಜ್ಜಂದಿರು ಹುಡುಕಿಕೊಡಲಿಲ್ಲ ಅಂತ ಒಂದು ಊರಿಗೇ ತೆರಿಗೆ. ನಗರ ಸೀಮೆಯ ಒಂದು ಜಾಗದಲ್ಲಂತೂ ಕೈ ಬೀಸಿ ನಡೆದವನೂ ದುಡ್ಡು ಕಟ್ಟಬೇಕಿತ್ತು. ಇಂಥ 769 ಬಾಬ್ತುಗಳನ್ನು ಕಬ್ಬನ್ ಕಾಲದಲ್ಲಿ ತೆಗೆದುಹಾಕಿದರು.

ಇನ್ನು ನ್ಯಾಯದ ವಿಚಾರ. ತಾಲ್ಲೂಕಿನಲ್ಲಿ ಅಮಲ್ದಾರ, ಅವನ ಮೇಲೆ ಮುನ್ಸೀಫ, ವಿಭಾಗಕ್ಕೊಬ್ಬ ಸೂಪರಿಂಟೆಂಡೆಂಟ್, ಬೆಂಗಳೂರಲ್ಲಿ ಹುಜೂರ್ ಅದಾಲತ್. ಅಲ್ಲಿ ಕೂತ ನ್ಯಾಯಾಧೀಶರು ನಮ್ಮವರೇ. ಅಲ್ಲೂ ಸಮಾಧಾನವಾಗದಿದ್ದರೆ ಕಮಿಷನರ ಮುಂದೆ ಅಪೀಲು. ಊರ ಪಂಚಾಯ್ತಿ ಕೂಡಿಸಿ ತಗಾದೆ ಬಗೆಹರಿಸುವ ಹಳೇ ಪದ್ಧತಿಯನ್ನೂ ಬಿಡಲಿಲ್ಲ. ಹೀಗೆ ಸಿಪಾಯಿ ಮನುಷ್ಯ ರಾಜ್ಯಕ್ಕೇ ಕೊನೇ ಜಡ್ಜಿ ಆಗಿ ಕೂತರು. ಕಂದಾಯ ವಸೂಲಿ ಮಾಡುವ ಅಮಲ್ದಾರನೇ ವ್ಯಾಜ್ಯವನ್ನೂ ಕೇಳಿದರೆ ರೈತನ ಗತಿ ಏನು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳೀತು.

ಬೈಯಪ್ಪನಹಳ್ಳಿ, ಕೆ.ಆರ್.ಪುರದ ಮೇಲೆ ಹಾಯುವ ಜೋಲಾರ್‌ಪೇಟೆ ರೈಲುದಾರಿಯ ಕೆಲಸ ಶುರುವಾದದ್ದೂ ಅವರ ಕಾಲದಲ್ಲೇ. ರೈಲು ಬಂದದ್ದು 1864ಕ್ಕೆ.

ನಿಜವಾದ ಪರೀಕ್ಷೆ ಬಂದದ್ದು 1860ರಲ್ಲಿ. ಮೈಸೂರಿನ ಮೇಲುಸ್ತುವಾರಿಯನ್ನು ಮದ್ರಾಸ್ ಸರ್ಕಾರಕ್ಕೆ ವಹಿಸಿ ಅಂತ ಲಂಡನ್ನಿಂದ ಹುಕುಂ. ಅರಸರು ಪ್ರತಿಭಟಿಸಿದರು. ಅವರ ಗದ್ದುಗೆಯಲ್ಲೇ ಕೂತು ಆಳುತ್ತಿದ್ದ, ಅದು ಅವರಿಗೆ ವಾಪಸ್ ಸಿಗಲಿ ಅಂತ ಎಂದೂ ಪಟ್ಟು ಹಿಡಿಯದ ಕಬ್ಬನ್ ಈ ಒಂದು ವಿಷಯದಲ್ಲಿ ರಾಜೀನಾಮೆ ಬರೆದು ಮುಂದಿಟ್ಟರು. ತಾವೇ ಮದ್ರಾಸ್ ದಂಡಿನವರು, ನೋಡಿ! ಹುಕುಂ ರದ್ದಾಯ್ತು. ಮದ್ರಾಸಿನ ಪಾಲಾಗದೆ ಉಳಿದ ರಾಜ್ಯ 1881ರಲ್ಲಿ ಚಾಮರಾಜೇಂದ್ರ ಒಡೆಯರ ಕೈಗೆ ಬಂತು.

ಮದುವೆ ಆಗದ ಮುದುಕ, ಕಾಯಿಲೆ ಬಿದ್ದು 1861ರಲ್ಲಿ ಊರಿಗೆ ಹೊರಟರು. ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲೇ ಪ್ರಾಣ ಹೋಯ್ತು. ಅಲ್ಲಿ ಕಾಲುವೆ ಇನ್ನೂ ತೋಡುತ್ತಿದ್ದ ಕಾಲ. ಹೆಣ ಮಾತ್ರ ದ್ವೀಪ ಸೇರಿತು.

ಮಾರೊಕೆಟ್ಟಿ ಎಂಬ ಶಿಲ್ಪಿ ಮಾಡಿದ ಕುದುರೆ ಸವಾರನ ಪ್ರತಿಮೆ 1866ರಲ್ಲಿ ಪೆರೇಡ್ ಮೈದಾನದಲ್ಲಿ ನಿಂತಿತು. ಆಮೇಲೆ ಅಠಾರಾ ಕಛೇರಿಗೆ, ಅಂದರೆ ಹೈಕೋರ್ಟ್ ಮುಂದಕ್ಕೆ ಬಂತು. ವಕೀಲರು, ಕಕ್ಷಿಗಾರರು ದಿನಾ ಅದರ ಪಕ್ಕದಲ್ಲೇ ಓಡಾಡಿದರು. 2020ರಲ್ಲಿ ಅಲ್ಲಿಂದಲೂ ಎತ್ತಿ ಪಾರ್ಕಿನೊಳಗೆ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಇಟ್ಟಿದ್ದಾರೆ.